ಲೆಕ್ಕದ ಪುಸ್ತಕವೇ ಜಾಮೀನು

ವಯನಾಡಿನ ಮಾನಂದವಾಡಿಯ ಬ್ಯಾಂಕಿಗೆ, ಕೇರಳ ಸರ್ಕಾರದ ಬಡತನ ನಿರ್ಮೂಲನ ಯೋಜನೆಯಾದ ಕುಟುಂಬಶ್ರೀಯ ಅಯಲ್‌ಕೂಟದ, ಅಂದರೆ ನೆರೆಹೊರೆಯ ಗುಂಪಿನ, ಹೆಂಗಸರು ಗುಂಪು ಸಾಲ ಕೇಳಿ ಬಂದರೆ, ಅಲ್ಲಿ ಮೊದಲು ಬಿಚ್ಚಿಕೊಳ್ಳುವುದು ಜಮೀನಿನ ಪತ್ರವಲ್ಲ, ಗುಂಪಿನ ಪುಸ್ತಕಗಳು. ಸಭೆ ತಪ್ಪದೆ ಸೇರಿದೆಯೇ? ಹಾಜರಿ ಹೇಗಿದೆ? ಒಳಸಾಲ ಹೊತ್ತಿಗೆ ಸರಿಯಾಗಿ ವಾಪಸಾಗಿದೆಯೇ? ಇವಕ್ಕೆಲ್ಲ ಅಂಕವಿದೆ, ಆ ಅಂಕದ ಮೇಲೆ ಸಾಲ. ದೊಡ್ಡ ಕಂಪನಿಗೆ ಸಾಲ ಕೊಡುವಾಗ ಬ್ಯಾಲೆನ್ಸ್ ಶೀಟು, ಆಡಿಟರ ವರದಿ, ನಿರ್ದೇಶಕ ಮಂಡಳಿಯ ನಡವಳಿಕೆ ನೋಡುವುದೂ ಇದೇ ಕಾರಣಕ್ಕೆ. ಆಸ್ತಿಯಿಲ್ಲದವರಿಗೂ ಈ ಅಳತೆ ಸಲ್ಲುತ್ತದೆ ಎಂಬುದು ಕಂಡುಬಂದದ್ದು ಗಡಿಯಾಚೆ, ಕರ್ನಾಟಕದಲ್ಲಿ. ಅದೂ ಒಂದು ಸೋಲಿನಿಂದ.

ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಹಳ್ಳಿಗಳಲ್ಲಿ ಸಹಕಾರ ಸಂಘಗಳನ್ನು ಕಟ್ಟಿ ಸಾಲ ಕೊಡಿಸುತ್ತಿತ್ತು. ಬಾವಲಿ ಗಡಿ ದಾಟಿದೊಡನೆ ಸಿಗುವ ಎಚ್.ಡಿ. ಕೋಟೆ ತಾಲ್ಲೂಕೂ ಅದರ ಕಾರ್ಯಕ್ಷೇತ್ರ. ಸಂಘಗಳು ದೊಡ್ಡವು, ಅಧಿಕಾರ ಕೆಲವೇ ಮುಖಂಡರ ಕೈಯಲ್ಲಿ. ಹಣ ಎಲ್ಲಿಗೆ ಹೋಯಿತೆಂದು ಸಾಮಾನ್ಯ ಸದಸ್ಯರಿಗೆ ತಿಳಿಯುತ್ತಿರಲಿಲ್ಲ. ನಂಬಿಕೆ ಕೆಟ್ಟಿತು, 1984-85ರ ಹೊತ್ತಿಗೆ ಹಲವು ಸಂಘಗಳು ಒಡೆದವು.

ಆಗ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲವನ್ನು ಮೈರಾಡಕ್ಕೆ ತೀರಿಸುತ್ತೇವೆ, ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಹಾಗಾದರೆ ನಿಮ್ಮ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಬಾರದೇಕೆ ಎಂದು ಸಂಸ್ಥೆ ಕೇಳಿತು. ಅವರು ಒಪ್ಪಿದರು. ಆವಿಷ್ಕಾರವಾದದ್ದು ಆ ಮಾತಿನಲ್ಲಿ. ಬಡವರು ಸುಸ್ತಿದಾರರಾಗಿದ್ದು ದುಡ್ಡಿಲ್ಲದ್ದಕ್ಕಷ್ಟೇ ಅಲ್ಲ, ಲೆಕ್ಕ ಕಾಣದ ಕಡೆ ಕಟ್ಟಲು ಮನಸ್ಸಿಲ್ಲದ್ದಕ್ಕೆ.

ಹೊಸ ಗುಂಪುಗಳಲ್ಲಿ ಎಲ್ಲವೂ ಕಣ್ಣೆದುರು. ಚಾಪೆಯ ಮೇಲೆ ಸುತ್ತ ಕೂತವರ ನಡುವೆ ಪೆಟ್ಟಿಗೆ. ಹಿಂದಿನ ವಾರದ ನಡಾವಳಿಯನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಯಾರು ಎಷ್ಟು ಉಳಿಸಿದರು, ಯಾರ ಕಂತು ಬಾಕಿ ಎಂದು ಹೆಸರು ಹಿಡಿದು ಹೇಳಬೇಕು. ಹಣವನ್ನು ಎಣಿಸಿ ತೋರಿಸಿ, ಲೆಡ್ಜರಿಗೂ ಪಾಸ್‌ಬುಕ್ಕಿಗೂ ಬರೆದ ಮೇಲೆ ಸಹಿ ಅಥವಾ ಹೆಬ್ಬೆಟ್ಟು. ಓದು ಬಾರದ ಸದಸ್ಯೆಗೂ ಲೆಕ್ಕ ಬಾಯಿಪಾಠ.

ಅಲೋಷಿಯಸ್ ಫರ್ನಾಂಡಿಸ್ ಮುಂದಾಳತ್ವದ ಮೈರಾಡ ಇದನ್ನು ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಎದುರಿಗಿಟ್ಟಿತು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಆದರೆ ನೋಂದಣಿಯೇ ಇಲ್ಲದ ಗುಂಪಿಗೆ, ಅಡಮಾನವಿಲ್ಲದೆ ಬ್ಯಾಂಕು ಸಾಲ ಕೊಡುವುದು ಹೇಗೆ? 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ದಾರಿ ಬಿಟ್ಟಿತು. ಆ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಹಿಳಾ ಸಂಘವೊಂದಕ್ಕೆ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಸಾಲ ಕೊಟ್ಟಿತು. 1992ರ ಫೆಬ್ರವರಿಯಲ್ಲಿ ನಬಾರ್ಡ್ 500 ಗುಂಪುಗಳ ಪ್ರಯೋಗ ಆರಂಭಿಸಿತು. 1998ರಲ್ಲಿ ಕೇರಳದಲ್ಲಿ ಕುಟುಂಬಶ್ರೀ ಬಂತು.

ಪುಸ್ತಕ ನೋಡಿ ಸಾಲ ಕೊಡುವುದರ ಹಿಂದಿನ ತತ್ವವನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲೇ ಬರೆದಿದ್ದರು. ಹಳೆ ಕಾರುಗಳ ಮಾರುಕಟ್ಟೆಯ ಬಗೆಗಿನ ಆ ಲೇಖನದಲ್ಲಿ ಭಾರತದ ಲೇವಾದೇವಿಗಾರರ ಪ್ರಸ್ತಾಪವೂ ಇದೆ. ಯಾರು ನಂಬಿಕಸ್ಥರೆಂದು ಊರಿನ ಸಾಹುಕಾರನಿಗೆ ಗೊತ್ತು, ಹೊರಗಿನಿಂದ ಬಂದು ಸಾಲ ಕೊಡುವವನಿಗೆ ಗೊತ್ತಿಲ್ಲ. ಆ ಅರಿವೇ ಸಾಹುಕಾರನ ದುಬಾರಿ ಬಡ್ಡಿಯ ಬಲ. ಗುಂಪಿನ ಪುಸ್ತಕ ಅದೇ ಅರಿವನ್ನು ಬ್ಯಾಂಕಿನ ಮೇಜಿಗೆ ತಂದಿತು. ಈ ವಿಚಾರಧಾರೆಗೆ 2001ರಲ್ಲಿ ನೊಬೆಲ್ ಬಂತು.

ಕುಟುಂಬಶ್ರೀ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಲೆಕ್ಕ ತಪಾಸಣೆಗೆಂದೇ ತರಬೇತಿ ಪಡೆದ ಮಹಿಳೆಯರ ತಂಡಗಳಿವೆ, ಪದಾಧಿಕಾರಿಗಳ ಆಯ್ಕೆಗೆ ಚುನಾವಣೆಯಿದೆ. ಕಾಫಿ, ಮೆಣಸಿನ ಬೆಲೆ ಕುಸಿದು ವಯನಾಡಿನ ರೈತರು ಸಾಲದಲ್ಲಿ ಮುಳುಗಿದ ವರ್ಷಗಳನ್ನು ಕಂಡ ಈ ನೆಲದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಪುಸ್ತಕಕ್ಕೆ ಬೆಲೆ ಬಂದದ್ದು ಗುಂಪು ಅದನ್ನು ತನಗಾಗಿ ಬರೆದುಕೊಂಡಿದ್ದರಿಂದ. ಗುರಿ ಮುಟ್ಟಿಸುವ ಅವಸರದಲ್ಲಿ ಹೊರಗಿನವರು ಒಂದೇ ದಿನ ಆರು ತಿಂಗಳ ನಡಾವಳಿ ಬರೆದುಕೊಟ್ಟರೆ ಅಂಕ ಬರುತ್ತದೆ, ಸಾಲವೂ ಸಿಗುತ್ತದೆ, ಮರುಪಾವತಿ ಮಾತ್ರ ನಿಲ್ಲುತ್ತದೆ. ದೊಡ್ಡ ಕಂಪನಿಗಳು ಲೆಕ್ಕ ತಿದ್ದಿ ಬ್ಯಾಂಕುಗಳನ್ನು ಮುಳುಗಿಸಿದ್ದೂ ಹೀಗೆಯೇ. ಹಣ ಯಾರದೋ ಅವರೆದುರು ಲೆಕ್ಕ ಓದುವ ರೂಢಿಯನ್ನು ಬ್ಯಾಂಕು, ಸರ್ಕಾರ, ಸಂಸ್ಥೆಗಳು ಉಳಿಸಿಕೊಳ್ಳಲೇಬೇಕು. ಒಡೆದ ಆ ಸಂಘಗಳಲ್ಲಿ ಇಲ್ಲದೆ ಹೋದದ್ದು ಅದೊಂದೇ.