ಕಾಲಿಗೆ ನೋವು ತಿಳಿಯದಾದಾಗ

ಮಟಮಟ ಮಧ್ಯಾಹ್ನ, ದೇವಸ್ಥಾನದ ಕಲ್ಲುಹಾಸು ಕಾದು ಕೆಂಡವಾಗಿದೆ. ಪ್ರದಕ್ಷಿಣೆ ಹಾಕುವವರೆಲ್ಲ ಪಾದ ಊರಲಾರದೆ ನೆರಳಿಗೆ ಓಡುತ್ತಾರೆ. ಹದಿನೈದಿಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರು ಮಾತ್ರ ನಿಧಾನವಾಗಿಯೇ ನಡೆಯುತ್ತಿರಬಹುದು. ಅಂಗಾಲಲ್ಲಿ ಬೊಬ್ಬೆ ಎದ್ದಿದ್ದನ್ನು ರಾತ್ರಿ ಮೊಮ್ಮಗಳು ನೋಡಿ ಹೇಳಿದಾಗಲೇ ಅವರಿಗೆ ಗೊತ್ತಾಗುವುದು.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಇದ್ದರೆ ನರಗಳೂ ಅವುಗಳಿಗೆ ರಕ್ತ ಒದಗಿಸುವ ಸೂಕ್ಷ್ಮನಾಳಗಳೂ ಹಾಳಾಗುತ್ತವೆ. ಅತಿ ಉದ್ದದ ನರಗಳಿಗೆ ಮೊದಲ ಪೆಟ್ಟು. ಹಾಗಾಗಿ ಜೋಮು ಕಾಲ್ಬೆರಳ ತುದಿಯಿಂದ ಶುರುವಾಗುತ್ತದೆ. ಕೆಲವರಿಗೆ ಇರುವೆ ಹರಿದಂತೆ, ಕೆಲವರಿಗೆ ರಾತ್ರಿಯಿಡೀ ಉರಿ. ಇನ್ನು ಕೆಲವರಿಗೆ ಏನೂ ಅನ್ನಿಸುವುದಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಮೂರನೆಯದು. ಬೆವರಿಸುವ ನರಗಳೂ ಸೋತು ಚರ್ಮ ಒಣಗಿ ಹಿಮ್ಮಡಿ ಸೀಳುತ್ತದೆ, ಸೀಳಿನಲ್ಲಿ ಸೋಂಕು ಇಳಿಯುತ್ತದೆ. ಬೀಡಿ, ಸಿಗರೇಟಿನ ಚಟವಿದ್ದರೆ ರಕ್ತನಾಳ ಇನ್ನಷ್ಟು ಕಿರಿದಾಗಿ ಗಾಯ ಬೇಗ ಮಾಯುವುದಿಲ್ಲ.

ನೋವಿಲ್ಲದ ಪಾದದ ಕಷ್ಟವನ್ನು ಚೆನ್ನಾಗಿ ಅರಿತಿದ್ದವರು ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಈ ಶಸ್ತ್ರವೈದ್ಯ 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಉದುರುತ್ತದೆಂದು ಜನ ನಂಬಿದ್ದ ಕಾಲ ಅದು. ಸ್ಪರ್ಶ ಸತ್ತ ಕೈಕಾಲಿಗೆ ಅರಿವಿಲ್ಲದೆ ಆಗುವ ಗಾಯಗಳೇ ಅಂಗಗಳನ್ನು ತಿನ್ನುತ್ತವೆಂದು ಅವರು ತೋರಿಸಿದರು. ಮುಂದೆ ಅಮೆರಿಕದಲ್ಲಿ ಅದೇ ತಿಳಿವಳಿಕೆ ಮಧುಮೇಹಿಗಳ ಪಾದಕ್ಕೂ ನೆರವಾಯಿತು.

ನರ ಹೇಳದ್ದನ್ನು ಕಣ್ಣು ಹೇಳಬೇಕು. ದಿನವೂ ಮಲಗುವ ಮುನ್ನ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಕನ್ನಡಿ ಇಟ್ಟುಕೊಳ್ಳಿ, ಇಲ್ಲವೇ ಮನೆಯವರಿಗೆ ತೋರಿಸಿ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು, ಸಂದುಗಳನ್ನು ಮಾತ್ರ ಒಣಗಿಸಿಯೇ ಇಡಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಬಿಸಿನೀರಿನ ಚೀಲದ ಶಾಖ ಕೊಡುವುದು ಖಂಡಿತ ಬೇಡ. ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಎರಡು ಜೊತೆ ಕೊಳ್ಳಿ, ಒಂದು ಮನೆಯೊಳಗೇ ಇರಲಿ. ದೇವಸ್ಥಾನಕ್ಕೆ ಬೆಳಗಿನ ತಂಪಿನಲ್ಲಿ, ದಪ್ಪ ಕಾಲುಚೀಲ ಹಾಕಿ ಹೋಗಿ.

ಕಣ್ಣಿನ ರೆಟಿನಾ ಪರೀಕ್ಷೆ, ಮೂತ್ರದ ಆಲ್ಬುಮಿನ್ ಪರೀಕ್ಷೆಯ ಜೊತೆಗೆ ವರ್ಷಕ್ಕೊಮ್ಮೆ ಪಾದವನ್ನೂ ವೈದ್ಯರಿಗೆ ತೋರಿಸಬೇಕು. ಅವರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸುತ್ತಾರೆ. ಅದು ತಿಳಿಯದಿದ್ದರೆ ಪಾದ ಅಪಾಯದಲ್ಲಿದೆ ಎಂದರ್ಥ. ಗಾಯವಾಗಿ ನೋವಿಲ್ಲವೆಂದರೆ ನಾಳೆಗೆ ಮುಂದೂಡಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.