ಯೆಲ್ಲೊಸ್ಟೋನ್‌ಗೆ ನಾಯಿ ಕರೆದುಕೊಂಡು ಹೋಗುವವರಿಗೆ

‘ಅಷ್ಟು ದೊಡ್ಡ ಕಾಡು, ನಾಯಿಯೂ ಮನಸಾರೆ ಓಡಾಡಲಿ’ ಎಂದು ಅಮೆರಿಕದಲ್ಲಿರುವ ನಮ್ಮವರೂ ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ನಾಯಿಯನ್ನೂ ಕಾರಿಗೆ ಹತ್ತಿಸಿಕೊಂಡು ಯೆಲ್ಲೊಸ್ಟೋನ್‌ಗೆ ಹೊರಡುತ್ತಾರೆ. 1872ರಲ್ಲಿ ಸ್ಥಾಪನೆಯಾದ ಈ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 9 ಸಾವಿರ ಚದರ ಕಿಲೋಮೀಟರ್. ಆದರೆ ನಾಯಿಗೆ ಅಲ್ಲಿ ಸಿಗುವುದು ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡ್‌ಗಳಿಂದ 100 ಅಡಿಯೊಳಗಿನ ಜಾಗ ಅಷ್ಟೇ. ಕಾಡಿನ ಕಾಲುದಾರಿಗೆ ಪ್ರವೇಶವಿಲ್ಲ, ಬಿಸಿನೀರಿನ ಬುಗ್ಗೆಗಳ ನಡುವಿನ ಹಲಗೆಹಾದಿಗೂ ಇಲ್ಲ.

‘ಲೀಶ್ ಹಾಕಿದ್ದೀವಿ, ಗಲೀಜು ಮಾಡಿದರೆ ನಾವೇ ಎತ್ತುತ್ತೀವಿ, ಮತ್ತೇನು?’ ಎನ್ನುವವರಿದ್ದಾರೆ. ಆರು ಅಡಿ ಮೀರದ ಲೀಶ್ ಹೇಗೂ ಕಡ್ಡಾಯ. ಆದರೆ 100 ಅಡಿಯ ನಿಯಮದ ಹಿಂದಿರುವುದು ಗಲೀಜಿನ ಚಿಂತೆಗಿಂತ ಜೀವದ ಚಿಂತೆ. ಅಲ್ಲಿನ ಕೊಳಗಳ ನೀರು ತಿಳಿನೀಲಿ, ತಳ ಕಾಣುವಷ್ಟು ಸ್ವಚ್ಛ. ಬಾಯಾರಿದ ನಾಯಿಗೆ ಅದು ಕುದಿನೀರು ಎಂದು ಹೇಗೆ ಗೊತ್ತಾಗಬೇಕು? 1981ರ ಜುಲೈಯಲ್ಲಿ ವಾಹನದಿಂದ ತಪ್ಪಿಸಿಕೊಂಡ ನಾಯಿಯೊಂದು ಸೆಲೆಸ್ಟೀನ್ ಪೂಲ್‌ಗೆ ಹಾರಿತು. ಅದನ್ನು ಉಳಿಸಲು ಅದರ ಯಜಮಾನನ ಸ್ನೇಹಿತ ತಾನೂ ಧುಮುಕಿದ. ನೀರಿನ ಬಿಸಿ ಸುಮಾರು 94 ಡಿಗ್ರಿ ಸೆಲ್ಸಿಯಸ್. ನಾಯಿ ಅಲ್ಲೇ ಸತ್ತಿತು. 24 ವರ್ಷದ ಆ ಯುವಕ ಮರುದಿನ ತೀರಿಕೊಂಡ. ಕೊಳದ ಸುತ್ತಲಿನ ನೆಲವೂ ಕೆಲವು ಕಡೆ ತೆಳು ಪದರವಷ್ಟೇ, ಕಾಲಿಟ್ಟರೆ ಕುಸಿಯುತ್ತದೆ. ಮಕ್ಕಳ ಕೈ ಬಿಡಬೇಡಿ.

‘ನಮ್ಮ ನಾಯಿ ಬೊಗಳಿದರೆ ಕರಡಿ ಓಡುತ್ತದೆ’ ಎಂಬ ಧೈರ್ಯವೂ ಬೇಡ. ಬೊಗಳಿ ಕೆಣಕಿದ ನಾಯಿ ಹೆದರಿದರೆ ಓಡಿಬರುವುದು ಯಜಮಾನನ ಕಾಲ ಬಳಿಗೇ, ಅದರ ಹಿಂದೆ ಕರಡಿ. ಎಮ್ಮೆಯಂತೆ ಸಾಧುವಾಗಿ ಮೇಯುವ ಬೈಸನ್ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ನುಗ್ಗಬಲ್ಲದು. ಅಲ್ಲಿ ಜನರನ್ನು ಅತಿ ಹೆಚ್ಚು ಗಾಯಗೊಳಿಸಿರುವ ಪ್ರಾಣಿ ಅದೇ. ಬೈಸನ್‌ನಿಂದ 25 ಗಜ, ಕರಡಿ, ತೋಳಗಳಿಂದ 100 ಗಜ ದೂರವಿರಬೇಕು. ನಾಯಿಯಿಂದ ಕಾಡಿಗೂ ಅಪಾಯ ಉಂಟು: 2005 ಮತ್ತು 2008ರಲ್ಲಿ ಅಲ್ಲಿನ ತೋಳದ ಮರಿಗಳು ಡಿಸ್ಟೆಂಪರ್ ಎಂಬ ರೋಗದಿಂದ ಹೆಚ್ಚಾಗಿ ಸತ್ತವು. ಆ ರೋಗ ನಾಯಿಗಳಿಂದಲೂ ಹರಡಬಲ್ಲದು. ಲಸಿಕೆ ಹಾಕಿಸದೆ ಕರೆದೊಯ್ಯಬೇಡಿ.

‘ಹೊರಗೆ ತಂಪಿದೆ, ಕಾರಲ್ಲೇ ಇರಲಿ’ ಎಂಬುದೂ ತಪ್ಪು. ಹೊರಗೆ 21 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ದಾಟಬಹುದು. ಮರಕ್ಕೆ ಕಟ್ಟಿ ಹೋಗುವುದಕ್ಕೂ ಅನುಮತಿಯಿಲ್ಲ. ಮನೆಯವರಲ್ಲಿ ಒಬ್ಬರು ಸರದಿಯಂತೆ ನಾಯಿಯ ಜೊತೆ ಉಳಿಯಿರಿ. ನಡೆದಾಡಿಸಲೇಬೇಕೆಂದರೆ ಪಕ್ಕದ ಕಸ್ಟರ್ ಗ್ಯಾಲಟಿನ್, ಶೋಶೋನಿ ರಾಷ್ಟ್ರೀಯ ಅರಣ್ಯಗಳ ಬಹುತೇಕ ಕಾಲುದಾರಿಗಳಲ್ಲಿ ನಾಯಿಗೆ ಅಡ್ಡಿಯಿಲ್ಲ. ಅಲ್ಲೂ ಕರಡಿಗಳಿವೆ, ಬೇರ್ ಸ್ಪ್ರೇ ಕೈಗೆ ಸಿಗುವಂತಿರಲಿ.