ಕಾಂಕ್ರೀಟು ಮುಚ್ಚುವ ಮುನ್ನ

ಮನೆ ಕಟ್ಟಿಸಿದವರಿಗೆ ಗಾರೆ ಮೇಸ್ತ್ರಿಯ ಪರಿಚಯ ಉಂಟು; ನಕ್ಷೆ ಬರೆದುಕೊಟ್ಟ ಇಂಜಿನಿಯರರ ಹೆಸರೂ ನೆನಪಿನಲ್ಲಿರುತ್ತದೆ. ಇವರಿಬ್ಬರ ನಡುವೆ ಅಳತೆಯ ಟೇಪು ಹಿಡಿದು ಬಿಸಿಲಿನಲ್ಲಿ ನಿಂತಿರುವ ತರುಣನನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಹಿಂದಿನವರು ಅವನನ್ನು ಓವರ್ಸಿಯರ್ ಎನ್ನುತ್ತಿದ್ದರು. ಈಗ ಅವನು ಸೈಟ್ ಸೂಪರ್‌ವೈಸರ್. ಇನ್ನೂ ಕೆಲಸ ಕಲಿಯುತ್ತಿರುವವನಾದರೆ, ಅಪ್ರೆಂಟಿಸ್.

ಅಪ್ರೆಂಟಿಸರ ಕಾಯಿದೆ ನಮ್ಮ ದೇಶದಲ್ಲಿ ಜಾರಿಗೆ ಬಂದುದು 1961ರ ಶಾಸನದಿಂದ. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಪಡೆದವರಿಗೆ ಅದರಲ್ಲಿ ಸ್ಥಾನ ದೊರೆತುದು 1973ರ ತಿದ್ದುಪಡಿಯಿಂದ. ಸಾಮಾನ್ಯವಾಗಿ ಒಂದು ವರ್ಷದ ತರಬೇತಿ. ಜೊತೆಗೆ ಅಲ್ಪ ಶಿಷ್ಯವೇತನ.

ಮೂರು ವರ್ಷ ಓದಿ ಬಂದ ಹುಡುಗನಿಗೆ ಮೊದಲ ವಿಸ್ಮಯ ಕಾದಿರುವುದು ಪಾಯದ ಗುರುತು ಹಾಕುವಾಗ. ಮೇಸ್ತ್ರಿ ಒಂದು ದಾರದ ಮೇಲೆ ಮೂರು ಅಡಿ, ಇನ್ನೊಂದರ ಮೇಲೆ ನಾಲ್ಕು ಅಡಿ ಗುರುತು ಮಾಡಿ, ಎರಡರ ನಡುವೆ ಐದು ಅಡಿ ಬರುವವರೆಗೆ ಗೂಟವನ್ನು ಸರಿಸುತ್ತಾನೆ. ಮೂಲೆ ಮಟ್ಟಸವಾಯಿತು! ಪೈಥಾಗೊರಸನ ಹೆಸರನ್ನೇ ಕೇಳದವನು ಅವನ ಪ್ರಮೇಯವನ್ನು ಕೈಯಲ್ಲಿ ಇರಿಸಿಕೊಂಡಿದ್ದಾನೆ. ತೂಕದ ಗುಂಡು, ರಸಮಟ್ಟ, ಕರಣೆ—ಇವುಗಳ ಭಾಷೆಯನ್ನೂ ಹುಡುಗ ಅವನಿಂದಲೇ ಕಲಿಯಬೇಕು. ‘ಸೆಂಟ್ರಿಂಗ್’ ಎಂಬ ಮಾತನ್ನೇ ನೋಡಿ: ಇಂಗ್ಲಿಷಿನಲ್ಲಿ ಅದು ಕಮಾನಿಗೆ ಕೊಡುವ ತಾತ್ಕಾಲಿಕ ಆಧಾರದ ಹೆಸರು, ನಮ್ಮ ಕೆಲಸಗಾರರು ಅದನ್ನು ತಾರಸಿಯ ಹಲಗೆ, ಆನಿಕೆಗಳಿಗೆಲ್ಲ ವಿಸ್ತರಿಸಿಕೊಂಡಿದ್ದಾರೆ. ಭಾಷೆ ಬೆಳೆಯುವುದು ಹೀಗೆಯೇ ತಾನೆ?

ಆದರೆ ಈ ಗುರುವಿಗೇ ಒಂದು ದಿನ ಶಿಷ್ಯನು ‘ಬೇಡ’ ಎನ್ನಬೇಕಾಗುತ್ತದೆ. ಆ ದಿನ ಬರುವುದು ತಾರಸಿ ಹಾಕುವಾಗ. ಕಬ್ಬಿಣದ ಸರಳುಗಳು ಹಲಗೆಗೆ ತಾಗದಂತೆ ಕೆಳಗೆ 20 ಮಿಲಿಮೀಟರ್ ದಪ್ಪದ ಬಿಲ್ಲೆಗಳನ್ನಿಡಬೇಕು. ಬಿಲ್ಲೆ ಮುಗಿದಲ್ಲಿ ಜಲ್ಲಿಯ ಚೂರನ್ನು ತುರುಕುವುದುಂಟು. ಸರಳಿನ ಮೇಲೆ ಕಾಲಿಟ್ಟೊಡನೆ ಅದು ಜಾರುತ್ತದೆ. ಸರಳು ಹೊರಮೈಗೆ ಹತ್ತಿರವಾದರೆ ತೇವ ತಗುಲಿ ತುಕ್ಕು ಹಿಡಿಯುತ್ತದೆ; ತುಕ್ಕು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಕೆಲವು ವರ್ಷಗಳ ಅನಂತರ ಮನೆಯೊಡತಿ ಚಾವಣಿಯಿಂದ ಚಕ್ಕೆ ಉದುರಿತೆಂದು ದೂರುವಾಗ, ಆ ಚೂರನ್ನು ತುರುಕಿದವರು ಎಲ್ಲಿರುತ್ತಾರೋ!

ಇನ್ನು ನೀರು. ಐವತ್ತು ಕಿಲೋ ಸಿಮೆಂಟಿನ ಒಂದು ಚೀಲಕ್ಕೆ ಇಪ್ಪತ್ತೈದರಿಂದ ಮೂವತ್ತು ಲೀಟರಿನೊಳಗೆ ನೀರು ಸಾಕು. ಆದರೆ ಬಿಗಿಯಾದ ಕಾಂಕ್ರೀಟನ್ನು ಹರಡುವುದು ತೋಳಿಗೆ ಕಷ್ಟ. ಬಿಸಿಲೇರಿದಂತೆ ಬಕೆಟ್ಟಿನ ಮೇಲೆ ಬಕೆಟ್ಟು ನೀರು ಬೀಳುತ್ತದೆ. ಹೆಚ್ಚಿನ ನೀರು ಆರಿಹೋಗಿ ಒಳಗೆ ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತದೆ, ಬಲ ಕುಗ್ಗುತ್ತದೆ.

“ಮೇಸ್ತ್ರಿಗಳೇ, ಇನ್ನು ನೀರು ಬೇಡ” ಎನ್ನಬೇಕಾದವನಿಗೆ ವಯಸ್ಸು ಇಪ್ಪತ್ತೊಂದು. “ನಾನು ಮೂವತ್ತು ವರ್ಷದಿಂದ ಹಾಕ್ತಾ ಇದ್ದೀನಿ ಸಾರ್, ಯಾವುದು ಬಿದ್ದಿದೆ ಹೇಳಿ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಮಾತಿನಲ್ಲಿ ಅನುಭವವೂ ಇದೆ, ನೋವೂ ಇದೆ. ಹುಡುಗನು ಎರಡನ್ನೂ ಗೌರವಿಸಬೇಕು, ಆದರೆ ಬಕೆಟ್ಟನ್ನು ತಡೆಯಲೇಬೇಕು. ಅತ್ತ, ಕೆಲಸ ಬೇಗ ಮುಗಿಯಲೆಂದು ಅವಸರಪಡುವ ಗುತ್ತಿಗೆದಾರನ ಕೈಯಲ್ಲೇ ಅವನ ಶಿಷ್ಯವೇತನವೂ ಇರುತ್ತದೆ. ಯಾವ ಪಠ್ಯಪುಸ್ತಕವೂ ಈ ಅಧ್ಯಾಯವನ್ನು ಬರೆದಿಲ್ಲ.

ಆನಿಕೆ ಬಿಚ್ಚುವಾಗಲೂ ಇದೇ ಹಗ್ಗಜಗ್ಗಾಟ. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ತಾರಸಿಯ ಹರವು ನಾಲ್ಕೂವರೆ ಮೀಟರಿನೊಳಗಿದ್ದರೆ ಕನಿಷ್ಠ 7 ದಿನ, ಅದಕ್ಕೂ ಹೆಚ್ಚಾದರೆ 14 ದಿನ ಆನಿಕೆ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಮುಂದಿನ ಮಹಡಿಗೆ ಅವೇ ಕಂಬಗಳು ಬೇಕಾಗಿರುತ್ತವೆ. ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತಿರುತ್ತದೆ. ಆಗ ಅಪ್ರೆಂಟಿಸನಿಗೆ ಬೆಂಬಲವೆಂದರೆ ತಾರೀಖು ಬರೆದಿಟ್ಟ ದಿನಚರಿಯೊಂದೇ. ಅಂತೆಯೇ, ಬಲವಾದ ಕಟ್ಟಡಕ್ಕೆ ಕನಿಷ್ಠ ಒಂದು ವಾರ ನೀರುಣಿಸಿದರೇ ಇಲ್ಲವೇ ಎಂಬುದನ್ನು ಭಾನುವಾರವೂ ಬಂದು ನೋಡುವವನು ಅವನೇ.

ತಾರಸಿ ಹಾಕಿದ ದಿನವೇ 15 ಸೆಂಟಿಮೀಟರ್ ಬದಿಯ ಘನಾಕಾರದ ಅಚ್ಚುಗಳಲ್ಲಿ ಅದೇ ಕಾಂಕ್ರೀಟನ್ನು ತುಂಬಿ, ನೀರಿನಲ್ಲಿ ಮುಳುಗಿಸಿಟ್ಟು, 28ನೆಯ ದಿನ ಯಂತ್ರದಲ್ಲಿ ಒತ್ತಿ ಒಡೆದು ಪರೀಕ್ಷಿಸುತ್ತಾರೆ. ಪ್ರತಿ ಅಚ್ಚಿನ ಮೇಲೂ ತಾರೀಖನ್ನು ಬರೆಯುವ ಕೈ ಅಪ್ರೆಂಟಿಸನದು. ಅದು ಎಷ್ಟು ಭಾರ ತಡೆಯಿತೆಂಬ ಉತ್ತರ ಬರುವ ಹೊತ್ತಿಗೆ, ಆ ತಾರಸಿಯ ಮೇಲೆ ಮುಂದಿನ ಮಹಡಿಯ ಗೋಡೆಗಳು ಎದೆಯೆತ್ತರಕ್ಕೆ ಬಂದಿರುತ್ತವೆ.